ಭಿನ್ನವಾದುದನ್ನು ಬಿಡಬೇಕೆ?

ಒಂದು ವಸ್ತು ಅರ್ಧ ಕೆಟ್ಟಾಗ ಅದನ್ನು ಕೆಟ್ಟುಹೋದುದೆಂದು ಎಣಿಸಬೇಕೋ, ಅರ್ಧ ಉಳಿದಿರುವುದೆಂದು ಎಣಿಸಬೇಕೋ? ರಾಯದುರ್ಗದ ನಮ್ಮ ಮನೆಯ ಪಡಸಾಲೆಯಲ್ಲಿರುವ ಹಳೆಯ ಸ್ಟೀರಿಯೊ ರಿಸೀವರ್ ನನ್ನನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿತು.

ರೇಡಿಯೊ ಮತ್ತು ಆಂಪ್ಲಿಫೈಯರ್ ಒಂದೇ ಪೆಟ್ಟಿಗೆಯಲ್ಲಿರುವ ಈ ಯಂತ್ರವನ್ನು ತಂದೆಯವರು ಕೊಂಡು ತಂದಿದ್ದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. 1955ರ ನವೆಂಬರ್ 2ರಂದು ಆರಂಭವಾದ ಬೆಂಗಳೂರು ಆಕಾಶವಾಣಿಗೆ ಮಾತ್ರ ಆ ಗಡಿ ಅಡ್ಡಬರಲಿಲ್ಲ. 612 ಕಿಲೋಹರ್ಟ್ಸ್‌ನಲ್ಲಿ ಕೇಳಿಬರುತ್ತಿದ್ದ ಕನ್ನಡದ ದನಿ ನಮ್ಮ ತಾಯಿಯವರ ದಿನಚರಿಯಲ್ಲಿ ಬೆರೆತುಹೋಗಿತ್ತು.

ಈಚೆಗೆ ಅದರ ಟ್ಯೂನರ್ ಮೂಕವಾಯಿತು. ಎಡಗಡೆಯ ಚಾನೆಲ್ ಕೂಡ ನಿಂತಿತು. ಬೇಕಾದ ಬಿಡಿಭಾಗ ಈಗ ಸಿಗುವುದಿಲ್ಲವೆಂದ ರಿಪೇರಿಯವರು, "ಇದಕ್ಕೆ ಕಿವಿ ಹೋಗಿದೆ ಸಾರ್, ಗಂಟಲು ಇನ್ನೂ ಇದೆ" ಎಂದರು. ನಾನು ಆ ಮಾತನ್ನು ಗಮನಿಸದೆ ಹೊಸ ಬ್ಲೂಟೂತ್ ಸ್ಪೀಕರ್ ತಂದು, ಹಳೆಯದನ್ನು ಗುಜರಿಗೆ ಹಾಕಲು ಹೊರಟೆ. ದೃಷ್ಟಿ ಮಂದವಾಗಿರುವ ತಾಯಿಯವರು ತಡೆದರು: "ಹೊಸದು ನುಣ್ಣಗಿದೆಯಪ್ಪಾ, ಎಲ್ಲಿ ಒತ್ತಬೇಕೋ ಕೈಗೆ ತಿಳಿಯೋದಿಲ್ಲ. ಇದರ ಗುಂಡಿ ಕತ್ತಲಲ್ಲೂ ಸಿಗುತ್ತೆ."

ಇದನ್ನು ನಾನು ಮೊದಲು ಮೋಹವೆಂದೇ ಬಗೆದೆ. ಮತ್ತೆ ಯೋಚಿಸಿದಾಗ ನಮ್ಮ ಸೀಮೆಯ ಎರಡು ಬಗೆಯ ಕಲ್ಲುಗಳು ನೆನಪಾದವು. ಗುಡಿಯ ಮೂರ್ತಿ ಭಿನ್ನವಾದರೆ ಅದಕ್ಕೆ ಪೂಜೆ ನಿಲ್ಲುತ್ತದೆ. ಆದರೆ ಮಡಕಶಿರಾ ಸೀಮೆಯ ಹೇಮಾವತಿ, ಎಂದರೆ ನೊಳಂಬರ ರಾಜಧಾನಿ ಹೆಂಜೇರು, ಶಾಸನಗಳ ಊರು. ಅಂಥ ಶಾಸನವೊಂದು ಒಡೆದಿದ್ದರೆ ವಿದ್ವಾಂಸರು ಅದನ್ನು ಕೈಬಿಡುವುದಿಲ್ಲ. ಉಳಿದ ಸಾಲುಗಳನ್ನು ಓದಿಕೊಳ್ಳುತ್ತಾರೆ. ಮೂರ್ತಿಯ ಸಾರ್ಥಕತೆ ಅದರ ಪೂರ್ಣತೆಯಲ್ಲಿದೆ. ಶಾಸನದ ಸಾರ್ಥಕತೆ ಉಳಿದ ಒಂದೊಂದು ಸಾಲಿನಲ್ಲಿಯೂ ಇದೆ. ಹಾಗಾದರೆ ವಸ್ತುವೊಂದು ಕೆಟ್ಟಾಗ ಕೇಳಬೇಕಾದುದು, 'ಏನು ಹೋಯಿತು?' ಎಂದಷ್ಟೇ ಅಲ್ಲ. 'ಇದರಿಂದ ಆಗಬೇಕಾದ ಕೆಲಸ ಯಾವುದು, ಅದು ಇನ್ನೂ ಆಗುತ್ತದೆಯೇ?' ಎಂದು.

ನಮ್ಮ ರಿಸೀವರ್ ಶಾಸನದ ಜಾತಿಗೆ ಸೇರಿದ್ದು. ಹಳೆಯ ಫೋನೊಂದನ್ನು ಅದರ ಆಕ್ಸ್ ಕಿಂಡಿಗೆ ತಂತಿಯಿಂದ ಜೋಡಿಸಿದೆವು. ಫೋನಿನ 'ಮೊನೊ ಆಡಿಯೊ' ಆಯ್ಕೆಯಿಂದ ಎರಡೂ ಬದಿಯ ಧ್ವನಿ ಬಲಗಡೆಯ ಸ್ಪೀಕರ್ ಒಂದರಲ್ಲಿಯೇ ಬಂದಿತು. ವಾಲ್ಯೂಮ್ ಗುಂಡಿಯ ಕರಕರ ಸದ್ದು ದೂಳಿನದು. ರಿಪೇರಿಯವರು ಒಳಗೆ ಕ್ಲೀನರ್ ಸಿಂಪಡಿಸಿದಾಗ ಅದೂ ನಿಂತಿತು. ಈಗ ಬೆಳಿಗ್ಗೆ ಮೊಮ್ಮಗಳು ಫೋನಿನಲ್ಲಿ ಆಕಾಶವಾಣಿಯ ಆ್ಯಪ್ ತೆರೆದು ಬೆಂಗಳೂರು ಕೇಂದ್ರವನ್ನು ಹಚ್ಚಿಡುತ್ತಾಳೆ. ಧ್ವನಿಯನ್ನು ಏರಿಸುವುದು, ಇಳಿಸುವುದು, ನಿಲ್ಲಿಸುವುದು ತಾಯಿಯವರ ಕೈಯಲ್ಲಿಯೇ ಇದೆ.

ಇದು ಸಿಕ್ಕಿದ್ದನ್ನೆಲ್ಲ ಕೂಡಿಡುವ ಲೋಭಕ್ಕೆ ಸಮರ್ಥನೆಯಲ್ಲ. ಲೋಹದ ಕವಚ ಮುಟ್ಟಿದಾಗ ಶಾಕ್ ಹೊಡೆದರೆ, ಸುಟ್ಟ ವಾಸನೆ ಬಂದರೆ, ಸ್ವಿಚ್ ಆರಿಸಿ ಬಳಕೆಯನ್ನು ಅಂದೇ ನಿಲ್ಲಿಸಬೇಕು. ಮನೆಯವರ ಪ್ರಾಣಕ್ಕೆ ಎರವಾಗುವ ದೋಷವನ್ನು ಸಹಿಸುವುದು ಮಿತವ್ಯಯವಲ್ಲ. ಬಿಡುವ ದಿನ ಬಂದಾಗಲೂ ತಿಪ್ಪೆಗೆ ಎಸೆಯುವಂತಿಲ್ಲ: ಹಳೆಯ ಬೆಸುಗೆಯಲ್ಲಿ ಸೀಸವಿರುತ್ತದೆ, ಅದು ನೆಲಕ್ಕೆ ವಿಷ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

ನನ್ನ ತಪ್ಪು ಯಂತ್ರದ ವಿಷಯದಲ್ಲಿ ಮಾತ್ರ ಆದುದಲ್ಲ. ಅದನ್ನು ದಿನವೂ ಮುಟ್ಟುತ್ತಿದ್ದವರು ತಾಯಿಯವರು. ಕೆಟ್ಟಿತೆಂದು ತೀರ್ಪು ಕೊಟ್ಟವನು ನಾನು. ಗುಜರಿಯವನನ್ನು ಕರೆಯುವ ಮುನ್ನ ನಾವು ಆ ವಸ್ತುವನ್ನು ಬಳಸುವವರನ್ನು ಒಮ್ಮೆ ಕೇಳಬೇಕು. ನಾನು ಕೇಳಿರಲಿಲ್ಲ.