ಯಾವ ಮರೆವು?

ಕನ್ನಡದಲ್ಲಿ ‘ಅರವತ್ತಕ್ಕೆ ಅರಳು ಮರಳು’ ಎನ್ನುತ್ತೇವೆ. ಉರ್ದುವಿನಲ್ಲಿ ಅದೇ ಸ್ಥಿತಿಗೆ ‘ಸಠಿಯಾ ಗಯೇ’ ಎಂಬ ಮಾತಿದೆ. ‘ಸಾಠ್’ ಎಂದರೆ ಅರವತ್ತು. ಎರಡು ಬೇರೆ ಬೇರೆ ಮೂಲದ ಭಾಷೆಗಳು ಒಂದೇ ವಯಸ್ಸಿಗೆ ಗೆರೆ ಎಳೆದು, ಇನ್ನು ಮುಂದೆ ಈ ಮನುಷ್ಯನ ಮಾತಿಗೆ ಕಿವಿಗೊಡಬೇಕಾಗಿಲ್ಲ ಎಂದು ತೀರ್ಪು ಕೊಟ್ಟುಬಿಟ್ಟಿವೆ. (ಬೇಂದ್ರೆಯವರು ಮಾತ್ರ ತಮ್ಮ ಕವನಸಂಗ್ರಹಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. ಅದರಲ್ಲಿ ಮರಳಿ ಅರಳುವುದು ಎಂಬ ಅರ್ಥವೂ ಹೊಮ್ಮುತ್ತದೆ. 1958ರಲ್ಲಿ ಅದಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.)

ಈ ತೀರ್ಪು ಎಷ್ಟು ಸರಿ? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ನೂರಕ್ಕೆ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಒಟ್ಟು ಸುಮಾರು 88 ಲಕ್ಷ ಮಂದಿ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಅಂದರೆ ನಮ್ಮ ಗಾದೆ ನೂರರಲ್ಲಿ 92 ಜನರನ್ನು ವಿನಾಕಾರಣ ಹೀಯಾಳಿಸುತ್ತದೆ. ಉಳಿದ ಏಳೆಂಟು ಮಂದಿಗೆ ಅದು ಮಾಡುವ ಅನ್ಯಾಯ ಇನ್ನೂ ದೊಡ್ಡದು. ವಯಸ್ಸಾದ ಮೇಲೆ ಇದೆಲ್ಲ ಸಹಜ ಎಂದು ಹೇಳಿ, ಅವರನ್ನು ವೈದ್ಯರ ಬಳಿಗೆ ಕರೆದೊಯ್ಯದಂತೆ ತಡೆಯುತ್ತದೆ.

ಈ ಕಾಯಿಲೆಯ ಇತಿಹಾಸದ ಮೊದಲ ರೋಗಿಗೆ ಅರವತ್ತೂ ಆಗಿರಲಿಲ್ಲ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಬಂದು ಡಾ. ಅಲ್ಝೈಮರ್ ಮುಂದೆ ಕೂತ ಆಗುಸ್ಟೆ ಡೆಟರ್ ಎಂಬಾಕೆಗೆ 51 ವರ್ಷ. ಮನೆಯವರು ಮೊದಲು ಗಮನಿಸಿದ್ದು ಮರೆವನ್ನಲ್ಲ, ಗಂಡನ ಮೇಲೆ ಆಕೆಗೆ ಹುಟ್ಟಿದ ಸಂಶಯವನ್ನು.

ನಾವು ಮರೆಗುಳಿತನ ಎಂದು ಒಂದೇ ಹೆಸರಿನಿಂದ ಕರೆಯುವುದು ಒಂದು ರೋಗವಲ್ಲ. ಅಲ್ಝೈಮರ್ ಒಂದು ಬಗೆ. ಮಿದುಳಿನ ರಕ್ತನಾಳಗಳು ಕಟ್ಟಿಕೊಂಡು, ಪ್ರತಿ ಸಣ್ಣ ಹೊಡೆತಕ್ಕೂ ಒಂದೊಂದು ಮೆಟ್ಟಿಲು ಕೆಳಗಿಳಿಯುವುದು ಮತ್ತೊಂದು. ಇವೆರಡನ್ನು ಜನ ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಇನ್ನೆರಡು ಬಗೆಗಳು. ಅವುಗಳಿಗೆ ತುತ್ತಾದವರನ್ನು ನಾವು ರೋಗಿಗಳೆಂದೇ ಗುರುತಿಸುವುದಿಲ್ಲ.

ಕಥೆ ಬರೆಯುವವನ ಚಾಳಿಯಂತೆ ಇಲ್ಲಿ ಒಂದು ಪಾತ್ರವನ್ನು ಕಲ್ಪಿಸಿಕೊಳ್ಳುತ್ತೇನೆ. ಶಿರಾದ ಪೇಟೆಯಲ್ಲಿ ಮೂವತ್ತು ವರ್ಷ ನಿಯತ್ತಿನಿಂದ ಅಂಗಡಿ ನಡೆಸಿದ ಒಬ್ಬರು. ವಯಸ್ಸು 55. ಇದ್ದಕ್ಕಿದ್ದಂತೆ ಹೆಂಗಸರೆದುರು ಹೊಲಸು ಮಾತು, ಪಕ್ಕದ ಅಂಗಡಿಯ ಮಿಠಾಯಿ ಎತ್ತಿ ಬಾಯಿಗೆ ಹಾಕಿಕೊಳ್ಳುವುದು, ಹೆಂಡತಿ ಅತ್ತರೂ ಕಲ್ಲಿನಂತೆ ಕೂರುವುದು. ಆದರೆ ಯಾರು ಎಷ್ಟು ಸಾಲ ಉಳಿಸಿಕೊಂಡಿದ್ದಾರೆಂಬ ನೆನಪು ಮಾತ್ರ ಚೊಕ್ಕವಾಗಿದೆ. ಊರು ಇವರನ್ನು ಕೆಟ್ಟುಹೋದವರು ಎನ್ನುತ್ತದೆ. ಮಕ್ಕಳು ಮಾತು ಬಿಡುತ್ತಾರೆ. ಮಿದುಳಿನ ಮುಂಭಾಗ ಮತ್ತು ಪಕ್ಕದ ಭಾಗಗಳು ಸವೆಯುವ ಫ್ರಾಂಟೊಟೆಂಪೊರಲ್ ಡಿಮೆನ್ಷಿಯಾ ಶುರುವಾಗುವುದು ಬಹಳ ಸಲ ಹೀಗೆಯೇ.

ಬುದ್ಧಿ ಸ್ಥಿಮಿತದಲ್ಲಿಲ್ಲದವನ ಮೇಲೆ ನಮಾಝ್ ರೋಝಾಗಳ ಹೊಣೆಯಿಲ್ಲ ಎನ್ನುತ್ತದೆ ನಮ್ಮ ಫಿಕ್‌ಹ್. ಹಳೆಯ ದಂಡಸಂಹಿತೆಯ 84ನೇ ಕಲಮು, ಈಗಿನ ನ್ಯಾಯಸಂಹಿತೆಯ 22ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಅದನ್ನೇ: ತಾನೇನು ಮಾಡುತ್ತಿದ್ದೇನೆ, ಅದು ತಪ್ಪೆಂದು ತಿಳಿಯಲಾರದವನು ಅಪರಾಧಿಯಲ್ಲ. ಆದರೆ ನಮ್ಮ ಅಂಗಡಿಯವರಿಗೆ ತಿಳಿಯುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ. ಬುದ್ಧಿ ಎಂದರೆ ತಿಳಿವಳಿಕೆಯೊಂದೇ ಅಲ್ಲ, ಲಜ್ಜೆಯೂ ಹಿಡಿತವೂ ಅದರಲ್ಲೇ ಸೇರಿದೆ ಎಂದಾದರೆ, ಈತನನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಈ ಪ್ರಶ್ನೆಗೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ರೋಗ ಯಾವುದೆಂದು ಯಾರೂ ನೋಡದಿದ್ದರೆ ಪ್ರಶ್ನೆಯೇ ಏಳುವುದಿಲ್ಲ. ಶಿಕ್ಷೆ ಮಾತ್ರ ಆಗಿಹೋಗುತ್ತದೆ.

ಇನ್ನೊಂದು ಲ್ಯೂಯಿ ಬಾಡಿ ಡಿಮೆನ್ಷಿಯಾ. ಇದರಲ್ಲಿ ಇಲ್ಲದ ಮಕ್ಕಳು ಅಂಗಳದಲ್ಲಿ ಆಡುವುದು ಕಾಣುತ್ತದೆ, ತೀರಿಕೊಂಡವರು ಮಂಚದ ಬಳಿ ನಿಂತಂತೆ ತೋರುತ್ತದೆ. ಬೆಳಿಗ್ಗೆ ಸರಿಯಾಗಿದ್ದವರು ಸಂಜೆಗೆ ಗೊಂದಲಗೊಳ್ಳುತ್ತಾರೆ, ನಡಿಗೆ ಕುಗ್ಗುತ್ತದೆ. ನಮ್ಮ ಕಡೆ ಗಾಳಿ ಸೋಕಿದೆ ಎನ್ನುತ್ತಾರೆ, ಜಿನ್ನ್ ಹಿಡಿದಿದೆ ಎನ್ನುತ್ತಾರೆ. ತಾವೀಝು ಕಟ್ಟಿಸುವವರನ್ನು ನಾನು ನಗುವುದಿಲ್ಲ, ಕಟ್ಟಿಸಿದ ತಾವೀಝಿನಿಂದ ದೇಹಕ್ಕೆ ಕೇಡಿಲ್ಲ. ಆದರೆ ಗಲಾಟೆ ಹೆಚ್ಚಾದಾಗ ಆಸ್ಪತ್ರೆಗೆ ಒಯ್ದು, ಅಲ್ಲಿ ರೋಗದ ಬಗೆ ತಿಳಿಯದೆ ಹ್ಯಾಲೊಪೆರಿಡಾಲ್‌ನಂಥ ಔಷಧ ಕೊಟ್ಟರೆ ಈ ರೋಗಿಗಳ ಮೈ ಸೆಟೆದುಕೊಳ್ಳಬಹುದು, ಪ್ರಾಣಕ್ಕೂ ಅಪಾಯವಾಗಬಹುದು.

‘ವಾಸಿಯಾಗದ ಕಾಯಿಲೆಯ ಬಗೆ ತಿಳಿದು ಏನು ಪ್ರಯೋಜನ?’ ಎಂದು ಕೇಳುವವರಿಗೆ ಇದು ಒಂದು ಉತ್ತರ. ಇನ್ನೊಂದು ಉತ್ತರ ಇನ್ನೂ ಸರಳ. ಮರೆವೆಂದು ತೋರುವುದೆಲ್ಲ ವಾಸಿಯಾಗದ್ದಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಬಿದ್ದು ತಲೆಯೊಳಗೆ ನಿಧಾನವಾಗಿ ಹೆಪ್ಪುಗಟ್ಟಿದ ರಕ್ತ, ನಿದ್ದೆ ಮಾತ್ರೆಗಳ ಅತಿಬಳಕೆ, ಇವೆಲ್ಲವೂ ಮನುಷ್ಯನನ್ನು ಮಂಕಾಗಿಸುತ್ತವೆ. ಬಹುಮಟ್ಟಿಗೆ ಇವಕ್ಕೆ ಚಿಕಿತ್ಸೆ ಇದೆ. ಕೆಲವಕ್ಕೆ ಒಂದು ಸಾದಾ ರಕ್ತಪರೀಕ್ಷೆ ಸಾಕು.

ಇನ್ನು ಗುರುತಿಸುವುದು ಹೇಗೆ ಎಂಬ ವಿಷಯ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಪರೀಕ್ಷೆ ಎಂಬ ಪದ ಇಲ್ಲಿನ ಪ್ರತಿ ಮನೆಗೂ ಗೊತ್ತು. ಮರೆವಿನ ಪರೀಕ್ಷೆಯೂ ಮೂಲದಲ್ಲಿ ಶಾಲೆಯ ಪರೀಕ್ಷೆಯೇ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಲೋಕವೆಲ್ಲ ಹರಡಿದ ಪ್ರಶ್ನಾವಳಿಯಲ್ಲಿ ಇಂದಿನ ತಾರೀಖು ಹೇಳಬೇಕು, ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು, ಓದಬೇಕು, ಒಂದು ವಾಕ್ಯ ಬರೆಯಬೇಕು, ಚಿತ್ರ ನಕಲು ಮಾಡಬೇಕು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ದಾದಿಯೊಬ್ಬರನ್ನು ಇದರ ಮುಂದೆ ಕೂರಿಸಿದರೆ, ಮಿದುಳು ಗಟ್ಟಿಯಾಗಿದ್ದರೂ ನಪಾಸು. ಆಕೆಗೆ ತಾರೀಖು ಬಾರದು. ಆದರೆ ತೇರಾ ತೇಜಿ ಮುಗಿದು ಬಾರಾ ವಫಾತ್ ಹುಟ್ಟಿ ಎಷ್ಟು ದಿನವಾಯಿತೆಂದು ಬೆರಳೆಣಿಸಿ ಹೇಳುತ್ತಾರೆ. ಪಕ್ಕದ ಹೊಲದ ಅಜ್ಜಿ ಈಗ ಯಾವ ಮಳೆ ನಡೆಯುತ್ತಿದೆ ಎಂದು ಹೇಳುತ್ತಾಳೆ. ಎದುರಿಗಿರುವ ಕಾಗದದಲ್ಲಿ ಆ ಪ್ರಶ್ನೆಯೇ ಇಲ್ಲ. ಅದೇ ನಿವೃತ್ತ ಮೇಷ್ಟರು ನಿಜವಾಗಿ ಕಾಯಿಲೆ ಬಿದ್ದಿದ್ದರೂ ಹಳೆಯ ಅಭ್ಯಾಸಬಲದಿಂದ ಪಾಸಾಗಿ ಬರಬಹುದು.

ಇದನ್ನು ಮನಗಂಡವರು ನಮ್ಮ ದೇಶದಲ್ಲೇ ಇದ್ದಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಕೆಲಸ ಮಾಡಿದ ತಂಡ ಓದುಬರಹ ಬಾರದವರಿಗೆಂದೇ ಹಿಂದಿಯಲ್ಲಿ ಪ್ರಶ್ನಾವಳಿಯನ್ನು ಬದಲಿಸಿತು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ‘ಮುದ್ರಾ’ ಎಂಬ ಪರೀಕ್ಷಾ ಸಲಕರಣೆಯನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಐದು ಭಾಷೆಗಳಲ್ಲಿ ಸಿದ್ಧಪಡಿಸಿ 2021ರಲ್ಲಿ ಹೊರತಂದಿತು. ಕನ್ನಡ, ತೆಲುಗು ಇರುವುದರಿಂದ ಪಾವಗಡಕ್ಕೆ ಬಹುಪಾಲು ಅನುಕೂಲವೇ. ಆದರೆ ಆ ಐದರಲ್ಲಿ ಶಿರಾ, ಮಧುಗಿರಿಯ ಮೊಹಲ್ಲಾಗಳ ದಖ್ಖನಿ ಇಲ್ಲ, ತಾಂಡಾಗಳ ಲಂಬಾಣಿಯೂ ಇಲ್ಲ. ಮರೆವು ಮುಂದುವರಿದಂತೆ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯಿಯ ಮಾತು ಕೊನೆಗೆ ಉಳಿಯುತ್ತದೆ. ಉಳಿದ ಆ ಮಾತಿನಲ್ಲೇ ಕೇಳದಿದ್ದರೆ ಏನನ್ನು ಅಳೆದಂತಾಯಿತು?

ದಖ್ಖನಿಯ ವಿಷಯದಲ್ಲಿ ಒಂದು ಸಂತೋಷದ ಸಂಗತಿಯೂ ಇದೆ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ವರದಿ ಪ್ರಕಟಿಸಿದರು. ತೆಲುಗು, ಹಿಂದಿ, ದಖ್ಖನಿ ಹೀಗೆ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಆ ಲಾಭ ಕಂಡಿತ್ತು. ಈ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆ ಇದೆ. ಆದರೂ ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಮಾತಾಡುವ ನಮ್ಮ ಗಡಿ ತಾಲ್ಲೂಕುಗಳ ಜನ ಸಂಶೋಧನೆಗೆ ಎಂಥ ಸಂಪತ್ತು ಎಂಬುದನ್ನು ಆ ವರದಿ ಸೂಚಿಸುತ್ತದೆ.

ಜಗತ್ತಿನ ಸಂಶೋಧನೆಯ ಹಣ ಬಹುಕಾಲ ಹರಿದದ್ದು ಬೇರೆ ಕಡೆಗೆ. ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುವ ಔಷಧದ ಬೆನ್ನು ಹತ್ತಿ ದಶಕಗಳು ಕಳೆದವು. ಆ ದಾರಿಯ ಹೆಸರಾಂತ ಲೇಖನವೊಂದು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು; ಚಿತ್ರಗಳನ್ನು ತಿದ್ದಿದ್ದು ಬಯಲಾಗಿ 2024ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೊಂದರಿಂದ ಇಡೀ ಸಿದ್ಧಾಂತವೇ ಸುಳ್ಳಾಗುವುದಿಲ್ಲ. 2023ರಲ್ಲಿ ಅಮೆರಿಕ ಪೂರ್ಣ ಒಪ್ಪಿಗೆ ಕೊಟ್ಟ ಲೆಕಾನೆಮ್ಯಾಬ್ ಔಷಧ, ಆರಂಭದ ಹಂತದ ಅಲ್ಝೈಮರ್‌ನ ಇಳಿತವನ್ನು 18 ತಿಂಗಳಲ್ಲಿ ಶೇ. 27ರಷ್ಟು ನಿಧಾನಗೊಳಿಸಿತು. ಅಲ್ಲಿ ಅದರ ಬೆಲೆ ವರ್ಷಕ್ಕೆ 26,500 ಡಾಲರ್ ಎಂದು ನಿಗದಿಯಾಗಿತ್ತು. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯೇ ಎಂದು ಮೇಲಿಂದ ಮೇಲೆ ಎಂಆರ್‌ಐ ಬೇರೆ. ರಕ್ತದಲ್ಲೇ ಅಲ್ಝೈಮರ್ ಸುಳಿವು ಹಿಡಿಯುವ ಪರೀಕ್ಷೆಗೆ 2025ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಇದು, ಏಕೆಂದರೆ ರಕ್ತಕ್ಕೆ ಅಕ್ಷರಜ್ಞಾನ ಬೇಡ. ಆದರೆ ಮೂತ್ರಪಿಂಡದ ಕಾಯಿಲೆಯೂ ಆ ಅಂಕಿಯನ್ನು ಏರಿಸುತ್ತದೆ. ಆದ್ದರಿಂದ ನಮ್ಮ ಹಳ್ಳಿಗಳ ರಕ್ತದಲ್ಲೇ ಅದನ್ನು ಒರೆಗೆ ಹಚ್ಚಬೇಕು. ಅಂಥ ಕೆಲಸಕ್ಕೆ ನೆಲ ಹದವಾಗಿರುವುದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಅಲ್ಲಿ 45 ದಾಟಿದ ಹಳ್ಳಿಗರನ್ನು ಅಧ್ಯಯನ ಮಾಡುತ್ತಿದೆ. ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಅನುಸರಿಸುವುದು ಗುರಿ. ಹಾಗೆಯೇ ನೋಡಬೇಕಾದ ಊರು ಪಾವಗಡವೂ ಹೌದು. ಅಲ್ಲಿನ ಕೊಳವೆಬಾವಿಯ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ಏನು ಮಾಡುತ್ತದೆಂದು ಎಲ್ಲರಿಗೂ ಗೊತ್ತು. ಆ ನೀರು ಕುಡಿದೇ ಎಪ್ಪತ್ತು ದಾಟಿದವರ ಮಿದುಳಿನ ಬಗ್ಗೆ ಬಾಸ್ಟನ್ನಿನವರು ಬಂದು ಪ್ರಶ್ನೆ ಕೇಳುವುದಿಲ್ಲ.

ಔಷಧಕ್ಕೆ ಹಣ ಬೇಡವೆಂದು ನಾನು ಹೇಳಲಾರೆ. ಸರದಿಯಲ್ಲಿ ಮೊದಲು ಯಾರು ಎಂಬುದಷ್ಟೇ ನನ್ನ ತಕರಾರು. 2024ರ ಲ್ಯಾನ್ಸೆಟ್ ಆಯೋಗ 14 ಕಾರಣಗಳನ್ನು ಹೆಸರಿಸಿ, ಅವನ್ನು ನಿವಾರಿಸಿದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾವನ್ನು ತಡೆಯುವ ಇಲ್ಲವೇ ಮುಂದೂಡುವ ಸಾಧ್ಯತೆ ಇದೆ ಎಂದಿತು. ಬಾಲ್ಯದ ಶಾಲೆ, ಬಿಪಿ, ಸಕ್ಕರೆ, ಕಿವುಡು, ಕುರುಡು ಎಲ್ಲವೂ ಆ ಪಟ್ಟಿಯಲ್ಲಿವೆ. ಸಿಯಾಟಲ್‌ನ 3,038 ಹಿರಿಯರ ಅಧ್ಯಯನದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಡಿಮೆನ್ಷಿಯಾ ಅಪಾಯ ಸುಮಾರು ಶೇ. 30ರಷ್ಟು ಕಡಿಮೆ ಇತ್ತು. ಇದನ್ನು ಓದಿದಾಗ ನೆನಪಾದದ್ದು ಪಾವಗಡದಲ್ಲಿ ಸ್ವಾಮಿ ಜಪಾನಂದರು ನಡೆಸುವ ಶಾರದಾದೇವಿ ಕಣ್ಣಿನ ಆಸ್ಪತ್ರೆ. ಬಡವರ ಪೊರೆ ತೆಗೆಯುತ್ತಾ ಬಂದ ಆ ಮೇಜಿನ ಮೇಲೆ ಮರೆವಿನ ವಿರುದ್ಧದ ಕೆಲಸವೂ ನಡೆದಿರಬಹುದು. ಶ್ರವಣಯಂತ್ರದ ಫಲ ಇಷ್ಟು ನೇರವಾಗಿಲ್ಲ: 2023ರ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಹೆಚ್ಚು ಅಪಾಯವಿದ್ದ ಗುಂಪಿನಲ್ಲಿ ಮಾತ್ರ ಇಳಿತ ಅರ್ಧದಷ್ಟು ತಗ್ಗಿತು.

ರೋಗದ ಬಗೆ ತಿಳಿಸುವ ಇನ್ನೊಂದು ಸಾಧನಕ್ಕೆ ಕಾಸೂ ಬೇಡ. ಮೊದಲು ಬದಲಾದದ್ದು ನೆನಪೇ, ನಡತೆಯೇ, ನಡಿಗೆಯೇ? ಒಮ್ಮೆಲೇ ಇಳಿಯಿತೇ, ಮೆಲ್ಲಗೆ ಜಾರಿತೇ? ರಾತ್ರಿ ನಿದ್ದೆಯಲ್ಲಿ ಕೈಕಾಲು ಬಡಿಯುತ್ತಾರೆಯೇ? ಯಾವ ವೈದ್ಯರಾದರೂ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು. ಉತ್ತರ ಬಲ್ಲವಳು ಬಹಳ ಮನೆಗಳಲ್ಲಿ ಸೊಸೆ. ಉಣಿಸುವವಳು, ತೊಳೆಯುವವಳು, ಇರುಳೆಲ್ಲ ಎದ್ದು ಕೂರುವವಳು ಅವಳೇ. ಆದರೆ ಆಸ್ಪತ್ರೆಯಲ್ಲಿ ವೈದ್ಯರೆದುರಿನ ಕುರ್ಚಿಯಲ್ಲಿ ಕೂತು ಮಾತಾಡುವವನು ಮಗ. ಆಕೆ ಚೀಟಿ, ಮಾತ್ರೆಗಳ ಚೀಲ ಹಿಡಿದು ಬಾಗಿಲ ಬಳಿ ನಿಂತಿರುತ್ತಾಳೆ.