ನಾಣ್ಯದ ಮೇಲಣ ರೂಪ

ಓದತಕ್ಕ ಭಾಗಗಳು: ಯೆಹೋಶುವ 4:1–7, ಮಾರ್ಕ 12:13–17 ಮತ್ತು 41–44



ಅಡಿಕೆ ಸುಲಿಯುವ ಕಾಲದಲ್ಲಿ ನಾವು ಒಂದು ಸಾರಿ ಶಿರಸಿ ಸೀಮೆಯ ಹುಲೇಕಲ್ಲಿಗೆ ಹೋಗಿದ್ದೆವು. ಸಾಯಂಕಾಲ ಒಂದು ಅಂಗಡಿಯ ಮುಂದೆ ನಿಂತಿದ್ದಾಗ ಒಬ್ಬ ಮುದುಕಿಯು ಉಪ್ಪು ಬೆಲ್ಲ ಕೊಳ್ಳುವದಕ್ಕೆ ಬಂದಳು. ಅವಳ ಬೆರಳುಗಳೆಲ್ಲಾ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದವು. ಸೆರಗಿನ ಗಂಟನ್ನು ಬಿಚ್ಚಿ ಅವಳು ಕೊಟ್ಟ ಐದು ರೂಪಾಯಿಯ ನಾಣ್ಯವನ್ನು ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿ, "ಇದು ನಡೆಯುವದಿಲ್ಲ ಅಜ್ಜೀ, ಬೇರೆ ಇದ್ದರೆ ಕೊಡು" ಎಂದನು. ಹತ್ತಿರ ನಿಂತಿದ್ದ ಶಾಲೆಯ ಹುಡುಗನೊಬ್ಬನು ಅದನ್ನು ತಕ್ಕೊಂಡು ಅದರ ಬರಹವನ್ನು ಓದಿದನು. ದಾಂಡೀ ಯಾತ್ರೆಯ 75ನೆಯ ವರುಷದ ನೆನಪಿಗಾಗಿ ಸರಕಾರವು 2005ರಲ್ಲಿ ಮುದ್ರಿಸಿದ ನಾಣ್ಯವದು. ಅದರ ಮೇಲೆ ಗಾಂಧಿಯವರು ಕೋಲು ಹಿಡಿದು ನಡೆಯುತ್ತಾರೆ, ಜನರು ಅವರನ್ನು ಹಿಂಬಾಲಿಸುತ್ತಾರೆ. ಅಂಗಡಿಯವನು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಪೆಟ್ಟಿಗೆಗೆ ಹಾಕಿದನು. ಆದರೆ ಮುದುಕಿಯು ಸುಮ್ಮನಿರದೆ, "ಇವರೆಲ್ಲಾ ಎಲ್ಲಿಗೆ ಹೋಗುತ್ತಾರೆ? ಯಾಕೆ ಹೋಗುತ್ತಾರೆ?" ಎಂದು ಕೇಳಿದಳು. ಅಲ್ಲಿ ನಾಲ್ಕೈದು ಮಂದಿ ಇದ್ದೆವು. ಒಬ್ಬರಾದರೂ ಸರಿಯಾಗಿ ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ. ಆ ನಾಚಿಕೆಯೇ ಈ ಬರಹಕ್ಕೆ ಕಾರಣವಾಗಿರುತ್ತದೆ.

1. ಕಲ್ಲುಗಳು ಕೇಳಿಸುವ ಪ್ರಶ್ನೆ.

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ ದೇವರು ಅವರಿಗೆ ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತರುವದಕ್ಕೆ ಅಪ್ಪಣೆ ಕೊಟ್ಟನು. ಆ ಕಲ್ಲುಗಳು ಅಲಂಕಾರಕ್ಕಲ್ಲ. ಮುಂದೆ ಮಕ್ಕಳು ಅವುಗಳನ್ನು ಕಂಡು, ಇವುಗಳ ಅರ್ಥವೇನೆಂದು ಕೇಳಬೇಕು, ಆಗ ತಂದೆಗಳು ನಡೆದ ಸಂಗತಿಯನ್ನು ತಿಳಿಸಬೇಕು ಎಂಬದೇ ದೇವರ ಉದ್ದೇಶವು. ಕಲ್ಲು ತಾನಾಗಿ ಮಾತಾಡದು. ಅದು ಪ್ರಶ್ನೆಯನ್ನು ಮಾತ್ರ ಹುಟ್ಟಿಸುವದು, ಉತ್ತರ ಕೊಡುವ ಕೆಲಸವು ಜೀವದಿಂದಿರುವವರದು. ತಂದೆಯು ಮೌನವಾದರೆ ಗಿಲ್ಗಾಲಿನ ಕಲ್ಲೂ ಹೊಳೆಯ ಬೇರೆ ಕಲ್ಲೂ ಒಂದೇ.

ನಮ್ಮ ದೇಶದ ಸರಕಾರವೂ ಇಂಥ ಕಲ್ಲುಗಳನ್ನು ನಮ್ಮ ಕೈಗೆ ಕೊಡುತ್ತಾ ಬಂದಿದೆ. 1950ನೆಯ ಆಗಸ್ಟ್ 15ರಂದು ಗಣರಾಜ್ಯದ ಮೊದಲನೆಯ ನಾಣ್ಯಗಳು ಹೊರಟಾಗ ಇಂಗ್ಲಿಷ್ ಅರಸನ ತಲೆಯು ಹೋಗಿ ಅಶೋಕನ ಸಿಂಹಗಳು ಬಂದವು. 1964ರಲ್ಲಿ ಜವಾಹರಲಾಲ ನೆಹರೂರವರು ತೀರಿಕೊಂಡ ಮೇಲೆ ಅವರ ಮುಖವುಳ್ಳ ಒಂದು ರೂಪಾಯಿ ಮತ್ತು 50 ಪೈಸೆಯ ನಾಣ್ಯಗಳು ಬಂದವು. ಸ್ವತಂತ್ರ ಭಾರತದ ಸ್ಮಾರಕ ನಾಣ್ಯಗಳಲ್ಲಿ ಇವೇ ಮೊದಲಿನವು. 1969ರಲ್ಲಿ ಗಾಂಧಿಯವರು ಹುಟ್ಟಿ 100 ವರುಷ ತುಂಬಿದ್ದಕ್ಕಾಗಿ 20 ಪೈಸೆ ಮೊದಲುಗೊಂಡು 10 ರೂಪಾಯಿಯ ಬೆಳ್ಳಿಯ ನಾಣ್ಯದ ವರೆಗೆ ಮುದ್ರಿಸಿದರು. 1942ರ ಚಳವಳಿಯ 50 ವರುಷಗಳ ನೆನಪಿಗೆ ಒಂದು ನಾಣ್ಯ. 1997ರಲ್ಲಿ ಅಂದಮಾನಿನ ಪೋರ್ಟ್ ಬ್ಲೇರಿನ ಸೆರೆಮನೆಯ ಚಿತ್ರವುಳ್ಳ ಒಂದು ರೂಪಾಯಿ. ಭಗತ ಸಿಂಗನ ಜನ್ಮ ಶತಮಾನಕ್ಕೆ, 1857ರ ಯುದ್ಧದ 150ನೆಯ ವರುಷಕ್ಕೆ, 1965ರ ಯುದ್ಧದಲ್ಲಿ ಸೇವೆ ಮಾಡಿದ ಸೈನಿಕರ ನೆನಪಿಗೆ ಐದು ರೂಪಾಯಿಗಳು. ಹೀಗೆ ಸೆರೆಮನೆ, ನೇಣುಗಂಬ, ರಣರಂಗ ಇವುಗಳೆಲ್ಲಾ ನಮ್ಮ ಸೆರಗಿನ ಗಂಟಿನಲ್ಲಿ ಬಂದು ಕೂತಿವೆ. ನಾವಾದರೋ ಅದರ ಬೆಲೆಯನ್ನು ಎಣಿಸುತ್ತೇವೆ, ರೂಪವನ್ನು ನೋಡುವದಿಲ್ಲ. ನೋಡಿದವನೂ ಗುರುತು ಹತ್ತದ ಕಾರಣ ಬೇಡವೆನ್ನುತ್ತಾನೆ. ಹತ್ತು ರೂಪಾಯಿಯ ನಾಣ್ಯಗಳ ವಿಷಯದಲ್ಲಿ ಇಂಥ ಸಂಶಯವು ಹಬ್ಬಿದ್ದರಿಂದ ರಿಜರ್ವ್ ಬ್ಯಾಂಕು 2018ರಲ್ಲಿ, 14 ಬಗೆಯ ಅಚ್ಚುಗಳು ಇವೆ, ಎಲ್ಲವೂ ನಡೆಯತಕ್ಕವು ಎಂದು ಪ್ರಕಟಿಸಬೇಕಾಯಿತು. ಅಚ್ಚು ಒತ್ತಿದವನು ಒಪ್ಪಿದ್ದನ್ನು ಅಂಗಡಿಯವನು ತಳ್ಳಿದರೆ ನಾಣ್ಯವು ಖೋಟಾ ಆಗುವದೋ? ಆಗದು.

ಈಗ ಮುದುಕಿಯ ಪ್ರಶ್ನೆಗೆ ಉತ್ತರ ಕೊಡೋಣ. ಅಂದು ಆಳುತ್ತಿದ್ದ ಸರಕಾರವು ಬಡವನ ಉಪ್ಪಿನ ಮೇಲೆಯೂ ತೆರಿಗೆ ಹಾಕಿತ್ತು. ಸಮುದ್ರದ ದಡದಲ್ಲಿ ಬಿದ್ದ ಉಪ್ಪನ್ನು ಎತ್ತಿಕೊಂಡರೂ ಅದು ಅಪರಾಧವಾಗಿತ್ತು. ಆದದರಿಂದ ಗಾಂಧಿಯವರು 1930ನೆಯ ಮಾರ್ಚ್ 12ರಂದು ಸಾಬರಮತಿಯ ಆಶ್ರಮವನ್ನು ಬಿಟ್ಟು, ಸುಮಾರು 240 ಮೈಲು ಕಾಲ್ನಡೆಯಾಗಿ ಹೋಗಿ, ಏಪ್ರಿಲ್ 6ರಂದು ದಾಂಡಿಯ ದಡದಲ್ಲಿ ಉಪ್ಪನ್ನು ಎತ್ತಿದರು. ಅವರ ಸಂಗಡ ಹೊರಟವರಲ್ಲಿ ನಮ್ಮ ಕನ್ನಡ ನಾಡಿನ ಯುವಕನೊಬ್ಬನಿದ್ದನು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನು, ಆಗ ಅವನಿಗೆ ಇಪ್ಪತ್ತು ವರುಷವೂ ತುಂಬಿರಲಿಲ್ಲ. ಹದಿಮೂರು ವರುಷಗಳ ನಂತರ, 1943ನೆಯ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಇಬ್ಬರು ಜತೆಗಾರರೊಂದಿಗೆ ಅವನು ಗುಂಡಿಗೆ ಬಲಿಯಾದನು. ನಾಣ್ಯದಲ್ಲಿ ಹಿಂದೆ ನಡೆಯುವ ಆ ಚಿಕ್ಕ ಚಿಕ್ಕ ಆಕಾರಗಳಿಗೆ ಹೆಸರಿಲ್ಲ. ಆದರೆ ಅಂಥ ಒಬ್ಬೊಬ್ಬನಿಗೂ ಒಂದು ಊರು, ಒಬ್ಬ ತಾಯಿ, ಒಂದು ಮರಣ ಉಂಟು.

ಗಾಂಧಿಯವರು ಉಪ್ಪೆತ್ತಿದ ಒಂದು ವಾರದ ಮೇಲೆ, ಏಪ್ರಿಲ್ 13ರಂದು, ನಮ್ಮ ಘಟ್ಟದ ಕೆಳಗೆ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪು ಸಿದ್ಧವಾಯಿತು. ಬಳಿಕ ಅಂಕೋಲೆ, ಸಿದ್ಧಾಪುರ ಮುಂತಾದ ತಾಲೂಕುಗಳ ರೈತರು ಭೂಕಂದಾಯವನ್ನು ಕೊಡುವದಿಲ್ಲವೆಂದು ನಿಂತರು. ಸುಮಾರು 800 ಕುಟುಂಬಗಳು ಭೂಮಿಯನ್ನು ಕಳಕೊಂಡವೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಗಂಡಸರು ಸೆರೆಗೆ ಹೋದರು, ಹೆಂಗಸರೂ ಹೋದರು. 1937ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಜನರು ಆರಿಸಿದ ಮಂತ್ರಿಮಂಡಲವು ಬಂದ ಮೇಲೆಯೇ ಆ ಜಮೀನುಗಳು ಹಿಂದಿರುಗುವ ದಾರಿಯಾಯಿತು. ದಾಂಡಿಗೆ ನಾಣ್ಯವುಂಟು. ಸಿದ್ಧಾಪುರದ ಆ ರೈತರನ್ನು ನೆನಪಿಡುವ ಕೆಲಸವು ನಮ್ಮ ಬಾಯಿಗೆ ಉಳಿದಿದೆ.

2. ಕೈಸರನ ರೂಪವೂ ದೇವರ ರೂಪವೂ.

ಇಲ್ಲಿ ವಾಚಕರಲ್ಲಿ ಕೆಲವರು, "ಇದೇನು? ಕೈಸರನದನ್ನು ಕೈಸರನಿಗೆ ಕೊಡಬೇಕೆಂದು ನಮ್ಮ ಕರ್ತನೇ ಕಲಿಸಿದ್ದಾನಲ್ಲಾ? ಕರವನ್ನು ಕೊಡದವರನ್ನು ಸಭೆಯ ಪತ್ರಿಕೆಯಲ್ಲಿ ಹೊಗಳುವದು ಹೇಗೆ?" ಎಂದು ಕೇಳಬಹುದು. ಈ ಪ್ರಶ್ನೆಯನ್ನು ದಾಟಿ ಹೋಗುವದು ಸರಿಯಲ್ಲ, ನಿಂತು ನೋಡೋಣ.

ಫರಿಸಾಯರು ಯೇಸುಸ್ವಾಮಿಯನ್ನು ಬಲೆಗೆ ಹಾಕಬೇಕೆಂದು ಬಂದಾಗ ಸ್ವಾಮಿಯು ಒಂದು ನಾಣ್ಯವನ್ನು ತರಿಸಿದನು. ಅದು ಕೂಲಿಯಾಳಿನ ಒಂದು ದಿನದ ದುಡಿಮೆಯ ಬೆಲೆಯುಳ್ಳ ರೋಮಾಯರ ಬೆಳ್ಳಿಯ ನಾಣ್ಯ. ಅದರ ಮೇಲೆ ಕೈಸರನ ಮುಖವೂ, ಅವನ ತಂದೆಯು ದೇವರಾದನೆಂದು ಸಾರುವ ಬರಹವೂ ಇದ್ದವು. ಸ್ವಾಮಿಯು ಕೇಳಿದ್ದೇನು? ಈ ರೂಪವು ಯಾರದು ಎಂಬದೇ. ಬಳಿಕ, ಯಾರ ಗುರುತು ಇದೆಯೋ ಅವನಿಗೆ ಅದು ಸಲ್ಲಲಿ, ಆದರೆ ದೇವರದು ದೇವರಿಗೇ ಸಲ್ಲಲಿ ಎಂದು ತೀರ್ಪು ಹೇಳಿದನು. ದೇವರ ರೂಪವನ್ನು ಹೊತ್ತ ನಾಣ್ಯವು ಯಾವದು? ಆದಿಕಾಂಡದ ಮೊದಲನೆಯ ಅಧ್ಯಾಯವು ಉತ್ತರ ಕೊಡುತ್ತದೆ: ಮನುಷ್ಯನೇ. ಬೆಳ್ಳಿಯ ಚೂರನ್ನು ಕೈಸರನು ತಕ್ಕೊಳ್ಳಲಿ; ಮನುಷ್ಯನನ್ನು ತಕ್ಕೊಳ್ಳುವ ಅಧಿಕಾರವು ಅವನಿಗಿಲ್ಲ. ಯಾವ ಅರಸನಾದರೂ ದೇವರ ರೂಪವುಳ್ಳ ಬಡವನನ್ನು ಅವನ ಗಂಜಿಯ ಉಪ್ಪಿಗಾಗಿ ಹಿಂಡಿದರೆ, ಆ ಅರಸನು ತನ್ನದಲ್ಲದ ನಾಣ್ಯಕ್ಕೆ ಕೈ ಹಾಕಿದವನಾಗುತ್ತಾನೆ.

ಇನ್ನೊಂದನ್ನೂ ಗಮನಿಸಿರಿ. ಸಿದ್ಧಾಪುರದ ರೈತರು ಕರವನ್ನು ಕೊಡದೆ ಹಣವನ್ನು ಉಳಿಸಲಿಲ್ಲ. ಹತ್ತು ರೂಪಾಯಿಯ ಕರಕ್ಕಾಗಿ ತೋಟವನ್ನೇ ಕಳಕೊಂಡರು. ಅವರು ಲೆಕ್ಕವನ್ನು ಅಡಗಿಸಲಿಲ್ಲ, ಅಧಿಕಾರಿಗೆ ಲಂಚ ಕೊಡಲಿಲ್ಲ. ಹಗಲಿನಲ್ಲಿ ಎಲ್ಲರ ಮುಂದೆ ಇಲ್ಲವೆಂದು ಹೇಳಿ ಶಿಕ್ಷೆಯನ್ನು ತಲೆಯ ಮೇಲೆ ಹೊತ್ತರು. ಇಂದು ನಮ್ಮಲ್ಲಿ ಪಂಚಾಯತಿಯ ಮನೆತೆರಿಗೆಯನ್ನು ವರುಷಗಟ್ಟಲೆ ಬಾಕಿ ಇಟ್ಟು, ಮಾರಾಟದ ಬೆಲೆಯನ್ನು ಕಾಗದದಲ್ಲಿ ಕಡಿಮೆ ಬರೆಸುವವನು ಅವರ ಹೆಸರನ್ನು ಹೇಳಿಕೊಳ್ಳಬಾರದು. ಅವರು ಅನ್ಯಾಯವನ್ನು ಒಪ್ಪದೆ ನಷ್ಟಪಟ್ಟರು. ಇವನು ನ್ಯಾಯವನ್ನು ತಪ್ಪಿಸಿ ಲಾಭಪಡುತ್ತಾನೆ. ಈಗಿನ ಸರಕಾರವು ನಾವೇ ಆರಿಸಿದ್ದು. ಅದರ ಕರದಿಂದ ನಮ್ಮ ಊರಿನ ಶಾಲೆ, ರಸ್ತೆ, ಆಸ್ಪತ್ರೆ ನಡೆಯುತ್ತವೆ. ಆದಕಾರಣ ನಾಣ್ಯವನ್ನು ಸಲ್ಲಿಸತಕ್ಕಲ್ಲಿಗೆ ಸಲ್ಲಿಸೋಣ, ಮನಸ್ಸಾಕ್ಷಿಯನ್ನು ದೇವರಿಗೆ ಸಲ್ಲಿಸೋಣ. ಒಂದನ್ನು ಕೊಟ್ಟು ಇನ್ನೊಂದನ್ನು ತಪ್ಪಿಸಿಕೊಳ್ಳುವದಕ್ಕೆ ಸ್ವಾಮಿಯ ಮಾತಿನಲ್ಲಿ ಆಸ್ಪದವಿಲ್ಲ.

3. ನಾಣ್ಯವಿಲ್ಲದವರು.

ಆ ಸಾಯಂಕಾಲ ನಾವು ಮುದುಕಿಯ ಸಂಗಡ ಸ್ವಲ್ಪ ದೂರ ನಡೆದೆವು. ನಮಗೆ ತಿಳಿದಷ್ಟನ್ನು ಹೇಳಿದಾಗ ಅವಳು, "ಓಹೋ, ಜಪ್ತಿಯ ಕಾಲದ ಮಾತೋ? ನಮ್ಮ ಅತ್ತೆ ಅದನ್ನು ಹೇಳುತ್ತಿದ್ದಳು" ಎಂದಳು. ಅವಳ ಅತ್ತೆಯು ಸಿದ್ಧಾಪುರದ ಕಡೆಯವಳು, ಕೂಲಿಯವರ ಮಗಳು. ಒಡೆಯನ ಹಂಡೆ ತಪ್ಪಲೆಗಳನ್ನು ಜಪ್ತಿಯವರು ಹೊತ್ತುಕೊಂಡು ಹೋದ ದಿನ ಅವಳು ಅಂಗಳದ ಮೂಲೆಯಲ್ಲಿ ನಿಂತಿದ್ದಳಂತೆ. "ಒಡೆಯರ ತೋಟ ಹೋಯಿತು, ಅವರ ಹೆಸರು ಉಳಿಯಿತು. ನಮ್ಮವರ ಕೂಲಿ ಹೋಯಿತು; ಆ ಮಳೆಗಾಲ ಗೆಡ್ಡೆ ಅಗೆದು ತಿಂದರು. ಅದನ್ನು ಯಾರು ಬರೆದರು?" ಎಂದು ಅವಳು ಕೇಳಿದಳು. ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಮಳೆಯ ಮಾತನ್ನು ಆಡಿದ ಹಾಗೆ ಆಡಿದಳು. ಆದರೆ ಅದು ನಮ್ಮ ಎದೆಗೆ ನಾಟಿತು. ಯಾಕಂದರೆ ನಮ್ಮ ಹಳ್ಳಿಯ ಸಭೆಗಳಲ್ಲಿ ಅನೇಕರ ಹಿರಿಯರು ತೋಟದ ಒಡೆಯರಲ್ಲ, ಅಂಗಳದ ಮೂಲೆಯಲ್ಲಿ ನಿಂತವರೇ.

ಸಿದ್ಧಾಪುರದ ಮಾವಿನಗುಂಡಿಯಲ್ಲಿ ಸತ್ಯಾಗ್ರಹ ಮಾಡಿದ ಹೆಂಗಸರ ನೆನಪಿಗೆ ಕಲ್ಲು ನಿಂತಿದೆ, ಅದು ಒಳ್ಳೇದೇ. ಆದರೂ ಎಷ್ಟು ನಾಣ್ಯಗಳನ್ನು ಮುದ್ರಿಸಿದರೂ, ಎಷ್ಟು ಕಲ್ಲುಗಳನ್ನು ನೆಟ್ಟರೂ ಎಲ್ಲರ ಹೆಸರು ಅವುಗಳಲ್ಲಿ ಹಿಡಿಯದು. ಟಂಕಸಾಲೆಯ ಅಚ್ಚು ಅಂಗೈಯಷ್ಟೂ ಅಗಲವಿಲ್ಲ. ಹಾಗಾದರೆ ಉಳಿದವರ ತ್ಯಾಗವು ಗಾಳಿಗೆ ಹೋಯಿತೋ?

ದೇವಾಲಯದ ಕಾಣಿಕೆಯ ಪೆಟ್ಟಿಗೆಯ ಎದುರಿನಲ್ಲಿ ಕೂತಿದ್ದವನನ್ನು ನೋಡಿರಿ. ಐಶ್ವರ್ಯವಂತರು ಹೆಚ್ಚೆಚ್ಚು ಹಾಕುತ್ತಿದ್ದರು. ಒಬ್ಬ ಬಡ ವಿಧವೆಯು ಬಂದು ಎರಡು ತಾಮ್ರದ ಕಾಸುಗಳನ್ನು ಹಾಕಿದಳು. ಆ ದೇಶದಲ್ಲಿ ಅದಕ್ಕಿಂತ ಚಿಕ್ಕ ನಾಣ್ಯವು ಇರಲಿಲ್ಲ. ಅವಳ ಹೆಸರನ್ನು ಯಾರೂ ಕೇಳಲಿಲ್ಲ. ಆದರೆ ಸ್ವಾಮಿಯು ಶಿಷ್ಯರನ್ನು ಕರೆದು, ಎಲ್ಲರಿಗಿಂತಲೂ ಇವಳೇ ಹೆಚ್ಚು ಕೊಟ್ಟಳೆಂದು ತೋರಿಸಿದನು. ಉಳಿದವರು ಮಿಕ್ಕಿದ್ದರಿಂದ ಕೊಟ್ಟರು, ಇವಳು ತನ್ನ ಜೀವನವನ್ನೇ ಕೊಟ್ಟಳು. ಆ ದೇವಾಲಯವು ಕ್ರಿ. ಶ. 70ರಲ್ಲಿ ಬಿದ್ದುಹೋಯಿತು. ಅದನ್ನು ಕೆಡವಿದ ರೋಮಾಯರೂ ತಮ್ಮ ಜಯದ ನೆನಪಿಗೆ ನಾಣ್ಯಗಳನ್ನು ಮುದ್ರಿಸಿದರು. ಅವುಗಳಲ್ಲಿ ಖರ್ಜೂರದ ಮರದ ಕೆಳಗೆ ಒಬ್ಬ ಸ್ತ್ರೀಯು ಕೂತು ಅಳುತ್ತಾಳೆ. ಗೆದ್ದವನ ಆ ನಾಣ್ಯವು ಇಂದು ವಸ್ತು ಸಂಗ್ರಹಾಲಯದ ಗಾಜಿನ ಹಿಂದೆ ಇದೆ. ವಿಧವೆಯ ಎರಡು ಕಾಸಾದರೋ ಹುಲೇಕಲ್ಲಿನ ಕೂಲಿಯವಳ ಬಾಯಲ್ಲಿಯೂ ನಡೆಯುತ್ತಿದೆ. ನೆನಪಿನ ಟಂಕಸಾಲೆಯು ಯಾರ ಕೈಯಲ್ಲಿದೆ ಎಂದು ಇದರಿಂದ ತಿಳಿಯಿರಿ.

ಆದರೆ ದೇವರು ನೆನಸುತ್ತಾನಲ್ಲಾ ಎಂದು ನಾವು ಮರೆಯುವದಕ್ಕೆ ಅಪ್ಪಣೆ ಇಲ್ಲ. ಸ್ವಾಮಿಯು ವಿಧವೆಯನ್ನು ತಾನು ಕಂಡು ಸುಮ್ಮನಾಗಲಿಲ್ಲ. ಶಿಷ್ಯರನ್ನು ಕರೆದು ತೋರಿಸಿದನು. ಹಾಗೆಯೇ ನಾವೂ ಮಾಡತಕ್ಕದ್ದು. ನಿಮ್ಮ ಊರಿನಲ್ಲಿ ಸೈನ್ಯಕ್ಕೆ ಹೋಗಿ ಹಿಂದಿರುಗದವನ ತಾಯಿಯು ಇರುವಳೋ? ವರುಷಕ್ಕೊಮ್ಮೆ ಧ್ವಜ ಏರಿಸುವ ದಿನ ಮಾತ್ರ ಅವಳನ್ನು ಕುರ್ಚಿಯಲ್ಲಿ ಕೂಡ್ರಿಸಿ, ಉಳಿದ ದಿನಗಳಲ್ಲಿ ಅವಳ ಬಾಗಲನ್ನು ತಟ್ಟದೆ ಇರಬೇಡಿರಿ. ಹಳ್ಳಿಯ ಹೆರಿಗೆಗಳನ್ನು ರಾತ್ರಿ ಮಳೆಯೆನ್ನದೆ ನಡಿಸಿದ ಸೂಲಗಿತ್ತಿಯು, ಮಕ್ಕಳಿಗೆ ಅಕ್ಷರ ಕಲಿಸಿದ ಮುದಿ ಉಪದೇಶಿಯು ಇರುವರೋ? ಅವರಿಗೆ ನಾಣ್ಯವನ್ನು ಮುದ್ರಿಸುವ ಅಧಿಕಾರವು ನಮಗಿಲ್ಲ. ಆದರೆ ಅವರ ಅಕ್ಕಿಯ ಡಬ್ಬಿಯನ್ನು ತೆರೆದು ನೋಡುವ ಕಣ್ಣು ನಮಗುಂಟು. ನಿಮ್ಮ ಅಜ್ಜಿ ಅಜ್ಜಂದಿರನ್ನು ಹತ್ತಿರ ಕೂಡ್ರಿಸಿಕೊಂಡು ಜಪ್ತಿಯ ಕಾಲದ, ಬರದ ಕಾಲದ, ಕೂಲಿಯ ಕಾಲದ ಮಾತುಗಳನ್ನು ಕೇಳಿರಿ. ಓದು ಬಲ್ಲ ಹುಡುಗನು ಅವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಇನ್ನು ಮೇಲೆ ಗುರುತಿಲ್ಲದ ನಾಣ್ಯವೊಂದು ಕೈಗೆ ಬಂದರೆ ತಳ್ಳಬೇಡಿರಿ, ಮಕ್ಕಳನ್ನು ಕರೆದು ಅದರ ಮೇಲಣ ರೂಪವನ್ನು ತೋರಿಸಿರಿ. ಅವರು ಕೇಳುವರು, ನೀವು ಉತ್ತರ ಕೊಡಿರಿ.

ಕಡೆಗೆ ಒಂದು ಮಾತು. ನಾಣ್ಯವು ಕೈಯಿಂದ ಕೈಗೆ ಹೋಗುತ್ತಾ ಸವೆಯುತ್ತದೆ. ಮುಖವು ಮಾಸುತ್ತದೆ, ಬರಹವು ಅಳಿಯುತ್ತದೆ. ನಮ್ಮಲ್ಲಿ ಒತ್ತಿದ ದೇವರ ರೂಪವೂ ಪಾಪದಿಂದ ಹಾಗೆಯೇ ಸವೆದುಹೋಗಿತ್ತು. ಅಂಥ ಸವೆದ ನಾಣ್ಯಗಳನ್ನು ಲೋಕದ ಅಂಗಡಿಯು ತಳ್ಳಿಬಿಟ್ಟಾಗ, ದೀಪ ಹಚ್ಚಿ ಮನೆ ಗುಡಿಸಿ ಹುಡುಕುವಂತೆ ಹುಡುಕಿದವನು ಒಬ್ಬನುಂಟು. ಅವನು ತನ್ನ ಜನರ ಹೆಸರುಗಳನ್ನು ಬೆಳ್ಳಿಯಲ್ಲಿ ಒತ್ತಲಿಲ್ಲ. ತನ್ನ ಅಂಗೈಗಳಲ್ಲಿಯೇ ಕೆತ್ತಿಸಿಕೊಂಡನು, ಮೊಳೆಗಳ ಗುರುತು ಅಲ್ಲಿದೆ. ಆ ಬರಹವು ಸವೆಯುವದಿಲ್ಲ.

ಕರ್ತನೇ, ಈ ದೇಶಕ್ಕಾಗಿ ನೊಂದವರನ್ನು, ಹೆಸರುಳ್ಳವರನ್ನೂ ಹೆಸರಿಲ್ಲದವರನ್ನೂ, ನೀನು ಬಲ್ಲಿ. ಅವರನ್ನು ಮರೆತ ನಮ್ಮ ತಪ್ಪನ್ನು ಮನ್ನಿಸು. ಮಕ್ಕಳು ಕೇಳುವಾಗ ಉತ್ತರ ಕೊಡುವ ಬಾಯನ್ನೂ, ಬಡವರನ್ನು ಕಾಣುವ ಕಣ್ಣನ್ನೂ ನಮಗೆ ಕೊಡು. ನಿನ್ನ ರೂಪವು ನಮ್ಮಲ್ಲಿ ತಿರುಗಿ ಕಾಣಬರಲಿ. ಆಮೆನ್.