ಒಪ್ಪಿಸಿದ ಮಾತು

ಧರ್ಮಶಾಸ್ತ್ರಕಾರರು ಎಣಿಸಿದ ಹದಿನೆಂಟು ವಿವಾದಪದಗಳಲ್ಲಿ ನಿಕ್ಷೇಪವೂ ಒಂದು. ನಂಬಿ ಒಬ್ಬರ ಕೈಯಲ್ಲಿ ಇರಿಸಿದ ಒಡವೆಯನ್ನು ಇರಿಸಿಕೊಂಡವನು ಹೇಗೆ ಕಾಯಬೇಕು, ಯಾರಿಗೆ ಮರಳಿಸಬೇಕು ಎಂಬುದನ್ನು ಅವರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಒಳಗೇನಿದೆಯೆಂದು ತಿಳಿಸದೆ ಮುದ್ರೆಯೊತ್ತಿ ಕೊಟ್ಟ ವಸ್ತುವಿಗೆ ಉಪನಿಧಿಯೆಂಬ ಬೇರೆ ಹೆಸರೇ ಇದೆ. ಅದನ್ನು ಮುದ್ರೆಯೊಡೆಯದೆ ಹಿಂದಿರುಗಿಸತಕ್ಕದ್ದು. ಒಡವೆಯ ವಿಷಯದಲ್ಲಿ ಇದು ಸುಲಭ. ಒಪ್ಪಿಸಿದ್ದು ಮಾತಾದರೆ? ಕಿವಿಗೆ ಬಿದ್ದ ಗಳಿಗೆಯಲ್ಲಿಯೇ ಅದರ ಮುದ್ರೆ ಒಡೆದಿರುತ್ತದೆ. ಹಿಂದಿರುಗಿಸುವಂತಿಲ್ಲ, ಕೇಳಿಲ್ಲವೆನ್ನುವಂತಿಲ್ಲ.

ಈ ವಿಚಾರ ನಮ್ಮ ಮುಂದೆ ಬಂದುದು ಕಳೆದ ತಿಂಗಳು. ಮುಂಡಗೋಡ ತಾಲೂಕಿನ ಚಿಗಳ್ಳಿಯ ಕಡೆಯ ಭಕ್ತರೊಬ್ಬರು, ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರು, ಈಗ ಪಟ್ಟಣದ ಒಂದು ಸಂಸ್ಥೆಯಲ್ಲಿ ಮೇಲ್ವಿಚಾರಕರು, ಪೂಜೆ ಮುಗಿದ ಬಳಿಕ ಏಕಾಂತದಲ್ಲಿ ಮಾತನಾಡಬೇಕೆಂದರು. ಅವರ ಕೈಕೆಳಗೆ ದುಡಿಯುವ ಹೆಣ್ಣುಮಗಳೊಬ್ಬಳು ಊಟದ ಡಬ್ಬಿ ಮುಚ್ಚುತ್ತ, ತಲೆಯೆತ್ತದೆ, “ಅಣ್ಣಾರ, ಸಂಜೀಮುಂದ ಸಾಹೇಬ್ರ ಜೋಡಿ ಗೋದಾಮಿಗೆ ನನ್ನ ಒಬ್ಬಾಕಿನ್ನ ಕಳಸಬ್ಯಾಡ್ರಿ. ಯಾರ ಮುಂದನೂ ಹೇಳಬ್ಯಾಡ್ರಿ ಮತ್ತ” ಎಂದಳಂತೆ. ಅಷ್ಟೇ. ಇವರು ಗಡಿಬಿಡಿಯಲ್ಲಿ ಆಗಲೆಂದು ಮಾತು ಕೊಟ್ಟಿದ್ದರು. ಹೆಸರನ್ನು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ. (ಆಕೆಯ ಒಪ್ಪಿಗೆಯನ್ನು ಅವರ ಮೂಲಕ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇವೆ.)

ವಿಶ್ವವಿದ್ಯಾಲಯದಲ್ಲಿ ನಾವು ಓದಿದ ನೀತಿಶಾಸ್ತ್ರದಲ್ಲಿ ಪ್ರಶ್ನೆಗಳು ಬಾಗಿಲು ಬಡಿಯುವ ಕೊಲೆಗಾರನ ರೂಪದಲ್ಲಿ ಬರುತ್ತಿದ್ದವು. ಅವನಿಗೆ ಸುಳ್ಳು ಹೇಳಬಹುದೇ ಎಂದು ಕಾಂಟನು ಕೇಳಿದ್ದನು. ಬದುಕಿನಲ್ಲಿ ಅವು ಹೀಗೆ ಡಬ್ಬಿ ಮುಚ್ಚುವ ಸದ್ದಿನೊಳಗೆ ಅರ್ಧ ಮಾತಾಗಿ ಬರುತ್ತವೆ.

ಈ ವಿಷಯದಲ್ಲಿ ನಮ್ಮದೇ ಒಂದು ಅಪರಾಧವಿದೆ. ಹಲವು ವರ್ಷಗಳ ಹಿಂದೆ ಬೇರೊಂದು ಸಂಸ್ಥೆಯ ಕೆಲಸಗಾತಿಯೊಬ್ಬಳು ಇಂಥದೇ ಅಳಲನ್ನು ನಮ್ಮೆದುರು ತೋಡಿಕೊಂಡಿದ್ದಳು. ನಾವು ಆಕೆಯನ್ನು ಒಂದು ಮಾತೂ ಕೇಳದೆ ಆ ಗೃಹಸ್ಥನನ್ನು ಮಠಕ್ಕೆ ಕರೆಸಿ ಬುದ್ಧಿ ಹೇಳಿದೆವು. ಆತ ಪಾದಕ್ಕೆರಗಿ ತಪ್ಪಾಯಿತೆಂದ. ವಿಭೂತಿ ಕೊಟ್ಟು ಕಳುಹಿಸಿದೆವು. ಒಂದು ಸತ್ಕಾರ್ಯವಾಯಿತೆಂದೂ ಭಾವಿಸಿದೆವು. ತಿಂಗಳೊಳಗೆ ಆಕೆ ಕೆಲಸ ಬಿಡಬೇಕಾಯಿತು. ದೂರು ಹೇಳಿದವಳಾರೆಂದು ಆತನಿಗೆ ತಿಳಿಸಿಕೊಟ್ಟವರು ನಾವೇ ಅಲ್ಲವೆ? ಆಕೆಯ ಮಾತನ್ನು ನಮ್ಮ ಸೊತ್ತೆಂದು ತಿಳಿದು ವೆಚ್ಚ ಮಾಡಿದ್ದೆವು.

ಆದುದರಿಂದ ಈ ಭಕ್ತರಿಗೆ ಸಾಹೇಬನೊಡನೆ ಮಾತನಾಡಿರೆಂದು ಹೇಳಲು ನಮ್ಮ ನಾಲಗೆ ಏಳಲಿಲ್ಲ. ಸುಮ್ಮನಿರಿ ಎನ್ನಲೂ ಆಗಲಿಲ್ಲ. ಏಕೆಂದರೆ ಸಂಜೆ ದಾಸ್ತಾನು ಎಣಿಸಲು ಯಾರನ್ನಾದರೂ ಕಳುಹಿಸಲೇಬೇಕು. ಆಕೆಯನ್ನು ಬಿಟ್ಟು ಇನ್ನೊಬ್ಬ ಹುಡುಗಿಯನ್ನು ಕಳುಹಿಸಿದರೆ, ನಿನ್ನೆಯವರೆಗೆ ಅರಿಯದೆ ಮಾಡಿದ್ದನ್ನು ಇಂದು ಅರಿತು ಮಾಡಿದಂತಾಯಿತು. ಮೇಲಾಗಿ ಆ ಕೆಲಸಕ್ಕೆ ಓವರ್‌ಟೈಮಿನ ಕೂಲಿಯುಂಟು. ಆಕೆಯನ್ನು ತಪ್ಪಿಸಿದರೆ ಹೇಳಿದ ತಪ್ಪಿಗೆ ಆಕೆಗೇ ದಂಡ.

“ಆಕಿ ಹೇಳಿದ್ದು ಖರೇನೋ ಸುಳ್ಳೋ ಗೊತ್ತಿಲ್ಲಲ್ರೀ, ಅಜ್ಜಾರ” ಎಂದು ಅವರು ತೊಳಲಿದರು. ಗೊತ್ತಿಲ್ಲ, ಸರಿಯೇ. ಆ ಸಾಹೇಬನ ಮಾತನ್ನೂ ಕೇಳದೆ ಅವನನ್ನು ದೋಷಿಯೆನ್ನುವುದು ನ್ಯಾಯವಲ್ಲ. ಆದರೆ ಆಕೆ ಇವರಲ್ಲಿ ತೀರ್ಪನ್ನು ಬೇಡಿರಲಿಲ್ಲ. ತೀರ್ಪು ಕೊಡುವ ಅಧಿಕಾರವಿಲ್ಲದವನಿಗೆ ಸಂದೇಹದ ಅಧಿಕಾರವಾದರೂ ಏಕೆ ಬೇಕು? ಗಂಡ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿಸೆಂದ ಆಯ್ದಕ್ಕಿ ಲಕ್ಕಮ್ಮನನ್ನು ನಾವು ಪುರಾಣ ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ನಮ್ಮ ಕಾಲದ ಹೆಣ್ಣೊಬ್ಬಳು ಅರ್ಧ ವಾಕ್ಯವಾಡಿದರೆ ಸಾಕ್ಷಿ ಎಲ್ಲಿ ಎನ್ನುತ್ತೇವೆ.

ವಿಚಾರಣೆಗೆ ಬೇರೆ ಸ್ಥಾನವಿದೆ. ಅದು ಏರ್ಪಟ್ಟುದರ ಹಿಂದೆ ಒಬ್ಬ ಬಡ ಕಾರ್ಯಕರ್ತೆಯ ನೋವಿದೆ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಸರ್ಕಾರದ ಮಹಿಳಾ ಯೋಜನೆಯ ಸಾಥಿನ್ ಆಗಿದ್ದ ಆಕೆ, ತನ್ನ ಕೆಲಸವೆಂದೇ ಬಾಲ್ಯವಿವಾಹವೊಂದನ್ನು ತಡೆಯಹೋಗಿ 1992ರಲ್ಲಿ ಅತ್ಯಾಚಾರಕ್ಕೆ ಈಡಾದಳು. 1995ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಆ ಆರೋಪದಿಂದ ಬಿಡುಗಡೆ ಮಾಡಿತು. ಆ ಘಟನೆಯಿಂದ ಎದ್ದ ವಿಶಾಖಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1997ರ ಆಗಸ್ಟ್ 13ರಂದು ದುಡಿಮೆಯ ಸ್ಥಳದ ರಕ್ಷಣೆಗೆ ನಿಯಮಗಳನ್ನು ವಿಧಿಸಿತು. ಶಾಸನವಾಗಲು ಮತ್ತೆ 16 ವರ್ಷ ಬೇಕಾಯಿತು. 2013ರ ಆ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿಯಿರಬೇಕು. ಅದಕ್ಕಿಂತ ಕಡಿಮೆಯಿದ್ದರೆ, ಇಲ್ಲವೆ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಾನಿಕ ಸಮಿತಿ. ನಮ್ಮ ಸೀಮೆಯ ಹೆಣ್ಣುಮಗಳು ಇದಕ್ಕಾಗಿ ಘಟ್ಟವಿಳಿದು ಕಾರವಾರಕ್ಕೆ ಹೋಗಬೇಕಾಗಿಲ್ಲ. ತಾಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ಪಡೆದು 7 ದಿನಗಳೊಳಗೆ ಸಮಿತಿಗೆ ಕಳುಹಿಸಬೇಕೆಂದು ಕಾಯಿದೆಯಲ್ಲಿದೆ. ದೂರು ಬರಹದಲ್ಲಿರಬೇಕು, ಬರೆಯಲಾಗದವಳಿಗೆ ಸಮಿತಿಯವರೇ ನೆರವಾಗಬೇಕು. ರುಜುವಾತು ಮಾಡಲಾಗಲಿಲ್ಲವೆಂಬ ಮಾತ್ರಕ್ಕೆ ದೂರು ಸುಳ್ಳೆನಿಸುವುದಿಲ್ಲ. ಕಾಲಮಿತಿ ಮಾತ್ರ ಬಿಗಿ: ಘಟನೆ ನಡೆದು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನು ಮೂರು.

ತಮ್ಮ ಸಂಸ್ಥೆಯಲ್ಲಿ ಅಂಥ ಸಮಿತಿ ಇದೆಯೋ ಇಲ್ಲವೋ ಆ ಮೇಲ್ವಿಚಾರಕರಿಗೇ ತಿಳಿದಿರಲಿಲ್ಲ.

ನಾವು ಹೇಳಿದ್ದು ಇಷ್ಟು: ಮೊದಲು ಗೋದಾಮಿಗೆ ಯಾರೇ ಹೋಗಲಿ, ಇಬ್ಬರು ಕೂಡಿ ಹೋಗುವಂತೆ ಎಲ್ಲರಿಗೂ ಒಂದೇ ನಿಯಮ ಮಾಡಿರಿ, ಕಾರಣ ಹೇಳಬೇಡಿರಿ. ಬಳಿಕ ಆಕೆಯ ಬಳಿಗೆ ಹೋಗಿ, ಕೊಟ್ಟ ಮಾತು ಅವಸರದ್ದಾಗಿತ್ತೆಂದು ಒಪ್ಪಿಕೊಳ್ಳಿರಿ. ಮಠದಲ್ಲಿ ಹೆಸರಿಲ್ಲದೆ ಕೇಳಿದ್ದನ್ನೂ ಮುಚ್ಚಿಡಬೇಡಿರಿ. ಬೇರೆ ಹುಡುಗಿಯರ ಚಿಂತೆಯನ್ನು ಆಕೆಯ ಮುಂದೆಯೇ ಇಡಿರಿ. ಇರುವ ದಾರಿಗಳನ್ನು ತಿಳಿಸಿರಿ, ಆದರೆ ನೂಕಬೇಡಿರಿ. ಮುಂದೆ ಯಾರಿಗಾದರೂ ಹೇಳಲೇಬೇಕಾದ ಪ್ರಸಂಗ ಬಂದರೆ, ಹೇಳುವ ಮುನ್ನ ಅದು ಆಕೆಗೆ ತಿಳಿಯಲಿ.

ಇದು ಸಾಕೇ? ಆ ಸಂದೇಹ ನಮ್ಮನ್ನು ಈಗಲೂ ಬಿಟ್ಟಿಲ್ಲ.

ಮೊನ್ನೆ ಅವರು ಮತ್ತೆ ಬಂದಿದ್ದರು. ಆಕೆ ಮೂರು ದಿನ ಮಾತನಾಡಲಿಲ್ಲವಂತೆ. ನಾಲ್ಕನೆಯ ದಿನ, “ಬರದು ಕೊಡೂ ದಿನ ನೀವೂ ಜೋಡಿ ಬರ್ತೀರೇನ್ರಿ, ಅಣ್ಣಾರ?” ಎಂದು ಕೇಳಿದಳಂತೆ. ಬರುವೆನೆಂದು ಹೇಳಿದ್ದಾರೆ. ಹೇಳಿದಂದಿನಿಂದ ತಮ್ಮ ನೌಕರಿಯ ಭಯವೂ ಹತ್ತಿದೆ ಎಂದರು. ಅದಕ್ಕೆ ನಾವು ಉತ್ತರ ಕೊಡಲಿಲ್ಲ. ಪ್ರಸಾದಕ್ಕೆ ಕರೆದೆವು.